ಲಾಭವಿಲ್ಲದೆ ಹಂಚಿದ ಹಾಡಿನ ವಿಷಯ



ಕಳೆದ ಬೆಳೆಹಬ್ಬವಾದ ಮರುವಾರದಲ್ಲಿ ನಮ್ಮ ಸಭೆಯೊಳಗೆ ನಡೆದ ಒಂದು ಸಂಗತಿಯಿಂದ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿ ಬಹುದಿನಗಳ ವರೆಗೂ ನಮ್ಮನ್ನು ಬಿಡದೆ ಇತ್ತು. ಅದೇನಂದರೆ, ಒಬ್ಬನು ಮತ್ತೊಬ್ಬನ ಹಾಡನ್ನು ಒಂದು ಕಾಸೂ ತೆಗೆದುಕೊಳ್ಳದೆ ಹತ್ತಾರು ಮಂದಿಗೆ ಪ್ರತಿಮಾಡಿ ಹಂಚಿದರೆ, ಅವನನ್ನು ಉಪಕಾರಿ ಎನ್ನಬೇಕೋ, ಅಪರಾಧಿ ಎನ್ನಬೇಕೋ? ಇದು ಪಟ್ಟಣದವರ ಪ್ರಶ್ನೆ, ನಮಗೆ ಸಂಬಂಧಪಟ್ಟದ್ದಲ್ಲ ಎಂದು ಯಾರೂ ಪುಟ ತಿರುವದಿರಲಿ. ಮೊಬೈಲು ಇಲ್ಲದ ಮನೆ ನಮ್ಮ ಹಳ್ಳಿಗಳಲ್ಲಿ ಈಗ ವಿರಳ. ಹಾಡಿಲ್ಲದ ಮೊಬೈಲು ಇನ್ನೂ ವಿರಳ.

ಸಂಗತಿ ಹೀಗಿದೆ. ಪಕ್ಕದ ತಾಲ್ಲೂಕಿನ ಸಭೆಯ ಸಹೋದರನೊಬ್ಬನು ಹಗಲಲ್ಲಿ ಬಡಗಿ ಕೆಲಸ ಮಾಡುವವನು, ರಾತ್ರಿಯಲ್ಲಿ ಹಾಡು ಕಟ್ಟುವವನು. ಅವನು ಎಂಟು ಹಾಡುಗಳನ್ನು ರಚಿಸಿ, ರಾಗ ಹಾಕಿ, ಹುಬ್ಬಳ್ಳಿಗೆ ಹೋಗಿ ಧ್ವನಿಮುದ್ರಣ ಮಾಡಿಸಿದನು. ತಬಲದವನಿಗೂ ಕೀಬೋರ್ಡು ನುಡಿಸಿದವನಿಗೂ ಸ್ಟುಡಿಯೋದವರಿಗೂ ಕೊಡತಕ್ಕದ್ದನ್ನು ಹೆಂಡತಿಯು ಮಹಿಳಾ ಸಂಘದಲ್ಲಿ ಎತ್ತಿದ 40,000 ರೂಪಾಯಿ ಸಾಲದಿಂದ ಕೊಟ್ಟನು. ಆ ಮೇಲೆ ಹಾಡುಗಳನ್ನು ಪೆನ್ ಡ್ರೈವುಗಳಲ್ಲಿ ತುಂಬಿಸಿ, ಒಂದಕ್ಕೆ 200 ರೂಪಾಯಿಯಂತೆ, ಸಭೆಯಿಂದ ಸಭೆಗೆ ಹೋಗಿ ಮಾರುತ್ತಿದ್ದನು. ಅವನು ನಮ್ಮ ಸಭೆಗೆ ಬಂದ ಭಾನುವಾರ, ಆರಾಧನೆಗೆ ಮುಂಚೆ, ನಮ್ಮ ಮಕ್ಕಳು ಅವನ ಹಾಡುಗಳಲ್ಲೊಂದನ್ನು ಮೊದಲಿನಿಂದ ಕಡೆಯ ವರೆಗೆ ತಪ್ಪಿಲ್ಲದೆ ಹಾಡಿದರು. ಅವನ ಕಣ್ಣು ತುಂಬಿ ಬಂತು. ಆದರೆ ಆರಾಧನೆ ಮುಗಿದು ಬಾಗಿಲ ಬಳಿಯಲ್ಲಿ ಮೇಜು ಹಾಕಿ ಕುಳಿತಾಗ, ಕೈಹಿಡಿದು ಹೊಗಳಿದವರು ಎಲ್ಲರೂ, ಕೊಂಡವರು ಮೂರೇ ಮಂದಿ. ಯಾಕಂದರೆ ನಮ್ಮ ಸಭೆಯ ಒಬ್ಬ ಯೌವನಸ್ಥನು ತಿಂಗಳ ಹಿಂದೆಯೇ ಆ ಎಂಟು ಹಾಡುಗಳನ್ನು ಸ್ನೇಹಿತನೊಬ್ಬನಿಂದ ಪಡೆದು ಮನೆಮನೆಯ ಮೊಬೈಲಿಗೆ ಹಾಕಿಕೊಟ್ಟಿದ್ದನು.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಆ ಸಹೋದರನು ಯಾರನ್ನೂ ದೂರಲಿಲ್ಲ. "ಹಾಡು ಎಲ್ಲರ ಮನೆಗೂ ಹೋಯಿತು, ಅದು ಸಂತೋಷ. ಸಾಲ ಮಾತ್ರ ನನ್ನ ಮನೆಯಲ್ಲೇ ಉಳಿಯಿತು" ಎಂದಷ್ಟೇ ಹೇಳಿದನು. ನಾವು ತಲೆ ತಗ್ಗಿಸಿದೆವು. ಆ ಹಾಡುಗಳು ನಮ್ಮ ಮೊಬೈಲಿನಲ್ಲಿಯೂ ಇದ್ದವು. ಅದು ಮಾತ್ರವಲ್ಲ, ಹಾಡು ಹಂಚಿದ ಆ ಯೌವನಸ್ಥನನ್ನು ಸೇವಾಮನಸ್ಸುಳ್ಳವನೆಂದು ಸಭೆಯ ಮುಂದೆ ನಾವೇ ಹೊಗಳಿದ್ದೆವು. ಸೆಮಿನರಿಯಲ್ಲಿ ಓದುವಾಗ ನಾವೂ ನೂರಾರು ಹಾಡುಗಳನ್ನು ಒಂದೊಂದು ಸೀಡಿಗೆ ತುಂಬಿಸಿ ಸಂಗಡಿಗರಿಗೆ ಕೊಟ್ಟು ಧನ್ಯವಾದ ಪಡೆದವರೇ. ಆದುದರಿಂದ ಈ ಲೇಖನವನ್ನು ನ್ಯಾಯಪೀಠದಿಂದ ಬರೆದದ್ದೆಂದು ತಿಳಿಯಬೇಡಿರಿ. ನಾವೂ ಕಟಕಟೆಯಲ್ಲಿ ನಿಂತವರೇ ಆಗಿದ್ದೇವೆ.

ಸಾಯಂಕಾಲ ಆ ಯೌವನಸ್ಥನನ್ನು ಕರೆದು ವಿಷಯವನ್ನು ತಿಳಿಸಿದಾಗ ಅವನು ನೊಂದುಕೊಂಡು, "ಅಯ್ಯನವರೇ, ನಾನು ಯಾರಿಂದಲೂ ಐದು ಪೈಸೆ ಮುಟ್ಟಲಿಲ್ಲ. ವಿಧವೆಯರ ಮನೆಗೆ ಕಾರ್ಡನ್ನು ಕೂಡ ನನ್ನ ಕೂಲಿಯ ದುಡ್ಡಿನಿಂದಲೇ ತಂದುಕೊಟ್ಟೆ. ಲಾಭ ಮಾಡಿಕೊಂಡವನಿಗಲ್ಲವೇ ತಪ್ಪು? ಮತ್ತು ನಾನು ಅವರ ಕೋಳಿಯನ್ನು ಹಿಡಿದುಕೊಂಡು ಹೋಗಲಿಲ್ಲ. ಅವರ ಹಾಡು ಅವರ ಹತ್ತಿರ ಹಾಗೆಯೇ ಇದೆಯಲ್ಲಾ" ಎಂದನು. ಈ ಎರಡು ಮಾತುಗಳನ್ನು ಬಹು ಜನರು ಹೇಳುತ್ತಾರೆ. ಅವು ಕಪಟದ ಮಾತುಗಳಲ್ಲ. ಆದುದರಿಂದ ಅವುಗಳನ್ನು ತಾಳ್ಮೆಯಿಂದ ವಿಚಾರಿಸತಕ್ಕದ್ದು.

ಮೊದಲು ದೇಶದ ಕಾನೂನು ಏನು ಹೇಳುತ್ತದೆಂದು ನೋಡೋಣ. ಹಾಡು, ಪುಸ್ತಕ, ಚಿತ್ರ ಮೊದಲಾದವುಗಳನ್ನು ಮಾಡಿದವನಿಗೆ ಅವುಗಳ ಪ್ರತಿಗಳನ್ನು ಮಾಡುವ, ಹಂಚುವ, ಬೇರೆಯವರಿಗೆ ಅಪ್ಪಣೆ ಕೊಡುವ ಹಕ್ಕು ಇದೆ. ಇದಕ್ಕೆ ಕೃತಿಸ್ವಾಮ್ಯವೆಂದು ಹೆಸರು. ಭಾರತದಲ್ಲಿ ಇದಕ್ಕಾಗಿ 1957ರಲ್ಲಿ ಶಾಸನವಾಗಿ, 1958ರ ಜನವರಿಯಿಂದ ಜಾರಿಯಲ್ಲಿದೆ. ಆ ಶಾಸನದ 51ನೆಯ ಕಲಮು ಅಪ್ಪಣೆಯಿಲ್ಲದ ಪ್ರತಿಗಳನ್ನು ಹಂಚುವ ವಿಷಯದಲ್ಲಿ ಎರಡು ಸಂಗತಿಗಳನ್ನು ಜೊತೆಜೊತೆಯಾಗಿ ಇಟ್ಟಿದೆ: ವ್ಯಾಪಾರಕ್ಕಾಗಿ ಹಂಚುವುದು ಒಂದು, ಹಕ್ಕಿನ ಒಡೆಯನಿಗೆ ಹಾನಿ ತಟ್ಟುವಷ್ಟರ ಮಟ್ಟಿಗೆ ಹಂಚುವುದು ಮತ್ತೊಂದು. ಎರಡೂ ಹಕ್ಕಿನ ಉಲ್ಲಂಘನೆಯೇ. ಎರಡನೆಯದರಲ್ಲಿ ಹಂಚಿದವನ ಲಾಭದ ಮಾತೇ ಇಲ್ಲ, ಒಡೆಯನ ನಷ್ಟದ ಮಾತು ಮಾತ್ರ ಇದೆ ಎಂಬದನ್ನು ಗಮನಿಸಿರಿ.

ಹಾಗಾದರೆ ಲಾಭವನ್ನು ಕಾನೂನು ಎಣಿಸುವುದೇ ಇಲ್ಲವೋ? ಎಣಿಸುತ್ತದೆ, ಆದರೆ ಬೇರೆ ಸ್ಥಳದಲ್ಲಿ. ತಿಳಿದೂ ತಿಳಿದೂ ಈ ಹಕ್ಕನ್ನು ಮೀರಿದವನಿಗೆ 63ನೆಯ ಕಲಮಿನ ಪ್ರಕಾರ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷಗಳ ವರೆಗೆ ಸೆರೆ, 50,000ಕ್ಕೆ ಕಡಿಮೆಯಿಲ್ಲದೆ 2 ಲಕ್ಷ ರೂಪಾಯಿಗಳ ವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡದೆ ಇದ್ದಲ್ಲಿ ನ್ಯಾಯಾಧೀಶರು ತಕ್ಕ ಕಾರಣಗಳನ್ನು ಬರೆದು ಈ ಶಿಕ್ಷೆಯನ್ನು ಇಳಿಸಬಹುದು. ಅಂದರೆ ಲಾಭವಿಲ್ಲದಿರುವುದು ಶಿಕ್ಷೆಯನ್ನು ಹಗುರ ಮಾಡೀತು, ಕೃತ್ಯವನ್ನು ನಿರ್ದೋಷ ಮಾಡಲಾರದು. ಈ ಅಪರಾಧಕ್ಕೆ ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಹಳ್ಳಿಯ ಹುಡುಗನನ್ನು ಹಿಡಿಯಲು ಯಾರು ಬರುತ್ತಾರೆಂದು ನಗುವವರಿದ್ದಾರೆ. ಬಾರದೆ ಇರಬಹುದು, ಆದರೆ ಹಿಡಿಯುವವನು ಬಾರದಿದ್ದರೆ ತಪ್ಪೂ ಇಲ್ಲವೆಂದು ನಾವು ನಮ್ಮ ಮಕ್ಕಳಿಗೆ ಕಲಿಸಿದ್ದೇವೆಯೋ?

ಇದೇ ಪ್ರಶ್ನೆ ಅಮೇರಿಕ ದೇಶದಲ್ಲಿ ನಮಗಿಂತ ಮೊದಲೇ ಎದ್ದಿತು. ಯಾಕಂದರೆ ಕಂಪ್ಯೂಟರುಗಳ ಜಾಲವು ಅಲ್ಲಿ ಮೊದಲು ಹರಡಿತು. ಅಲ್ಲಿಯ ಒಬ್ಬ ವಿದ್ಯಾರ್ಥಿಯು ಬೆಲೆಕೊಟ್ಟು ಕೊಳ್ಳತಕ್ಕ ಕಂಪ್ಯೂಟರ್ ಸಾಫ್ಟ್‌ವೇರುಗಳನ್ನು ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳುವಂತೆ ಏರ್ಪಡಿಸಿದನು. ತಾನು ಒಂದು ಡಾಲರನ್ನೂ ಪಡೆಯಲಿಲ್ಲ. ಆ ಕಾಲದ ಅಲ್ಲಿಯ ಕಾನೂನು ಸ್ವಂತ ಲಾಭವಿದ್ದರೆ ಮಾತ್ರ ಇದನ್ನು ಅಪರಾಧವೆಂದು ಎಣಿಸುತ್ತಿದ್ದುದರಿಂದ, ಸರ್ಕಾರದವರು ಮೋಸದ ಬೇರೊಂದು ಕಾನೂನನ್ನು ಹಿಡಿದು ಮೊಕದ್ದಮೆ ಹೂಡಿದರು. ನ್ಯಾಯಾಧೀಶರು ಅವನ ನಡತೆಯನ್ನು ಮೆಚ್ಚದಿದ್ದರೂ ಆ ಕಾನೂನು ಇದಕ್ಕೆ ಅನ್ವಯಿಸದೆಂದು 1994ರಲ್ಲಿ ಮೊಕದ್ದಮೆಯನ್ನು ತಳ್ಳಿಬಿಟ್ಟರು. ಆಗ ಆ ದೇಶದ ಶಾಸನಸಭೆಯು 1997ರಲ್ಲಿ ಕಾನೂನನ್ನೇ ತಿದ್ದಿತು: 180 ದಿನಗಳೊಳಗೆ 1,000 ಡಾಲರಿಗಿಂತ ಹೆಚ್ಚು ಬೆಲೆಯ ಪ್ರತಿಗಳನ್ನು ಬುದ್ಧಿಪೂರ್ವಕವಾಗಿ ಹಂಚಿದವನು ಲಾಭ ಪಡೆಯದಿದ್ದರೂ ಅಪರಾಧಿಯೇ. ಮುಂದೆ 1999ರಲ್ಲಿ ನ್ಯಾಪ್‌ಸ್ಟರ್ ಎಂಬ ಏರ್ಪಾಟು ಹುಟ್ಟಿ, ಒಬ್ಬರ ಕಂಪ್ಯೂಟರಿನ ಹಾಡನ್ನು ಇನ್ನೊಬ್ಬರು ಬಿಟ್ಟಿಯಾಗಿ ಪಡೆಯತೊಡಗಿದರು. 2001ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಅದನ್ನು ವಿಚಾರಿಸಿ, ಕೊಂಡುಕೊಳ್ಳಬೇಕಾದದ್ದನ್ನು ಬಿಟ್ಟಿಯಾಗಿ ಪಡೆಯುವುದೂ ಒಂದು ಬಗೆಯ ಲಾಭವೇ ಎಂದು ಹೇಳಿತು. ಈ ಮಾತು ನಮ್ಮನ್ನು ತಡೆದು ನಿಲ್ಲಿಸಬೇಕು. ನಾವು ಹಣ ತೆಗೆದುಕೊಳ್ಳದಿದ್ದರೂ ಉಳಿಸಿಕೊಂಡೆವಲ್ಲಾ! ನಮ್ಮ ಸಭೆಯವರ ಚೀಲದಲ್ಲಿ ಉಳಿದ ಇನ್ನೂರು ಇನ್ನೂರು ರೂಪಾಯಿಗಳು ಯಾರ ಚೀಲಕ್ಕೆ ಹೋಗತಕ್ಕವುಗಳಾಗಿದ್ದವು?

ಇನ್ನು ಕೋಳಿಯ ಮಾತು. ಇದರಲ್ಲಿ ಸತ್ಯದ ಒಂದು ಅಂಶವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕೋಳಿಯನ್ನು ಕದ್ದರೆ ಗೂಡು ಬರಿದಾಗುತ್ತದೆ. ಹಾಡನ್ನು ಪ್ರತಿಮಾಡಿದರೆ ಹಾಡು ಬರಿದಾಗದು. ದೀಪದಿಂದ ದೀಪವನ್ನು ಹಚ್ಚಿದರೆ ಮೊದಲಿನ ದೀಪ ಕುಂದುವುದಿಲ್ಲ. ಎಲ್ವಿಸ್ ಪ್ರೆಸ್ಲಿ ಎಂಬ ಗಾಯಕನ ಹಾಡುಗಳ ಕಳ್ಳಪ್ರತಿಗಳ ವಿಷಯದಲ್ಲಿ ಅಮೇರಿಕದ ಸುಪ್ರೀಂ ಕೋರ್ಟು 1985ರಲ್ಲಿ, ಕೃತಿಸ್ವಾಮ್ಯವನ್ನು ಮೀರುವುದು ತಪ್ಪಾದರೂ ಅಂಥ ಪ್ರತಿಗಳನ್ನು ಕಳವಿನ ಮಾಲಿನ ಸಾಗಾಣಿಕೆಯ ಕಾನೂನಿನೊಳಗೆ ತರಲಾಗದೆಂದು ತೀರ್ಪುಕೊಟ್ಟಿತು. ಆದಕಾರಣ ಹಾಡು ಹಂಚಿದ ಹುಡುಗನನ್ನು ನಾವು ಕಳ್ಳನೆಂದು ಕರೆಯಲಾರೆವು. ಹಾಗೆ ಕರೆಯುವವರು ಇದ್ದುದಕ್ಕಿಂತ ಹೆಚ್ಚು ಹೇಳುತ್ತಾರೆ.

ಆದರೆ ಕಳ್ಳತನವಲ್ಲದ ತಪ್ಪುಗಳು ಇಲ್ಲವೋ? ನಮ್ಮ ಸೀಮೆಯ ಜಾತ್ರೆಗಳಿಗೆ ನಾಟಕ ಕಂಪನಿಯವರು ಬಂದು ಡೇರೆ ಹಾಕುವುದನ್ನು ನೀವೆಲ್ಲರೂ ಬಲ್ಲಿರಿ. ಒಬ್ಬನು ಹಿಂಬದಿಯ ಪರದೆಯನ್ನು ಎತ್ತಿ ಹಿಡಿದು, ಊರಿನ ಬಡವರನ್ನೆಲ್ಲಾ ಬಿಟ್ಟಿಯಾಗಿ ಒಳಗೆ ಬಿಟ್ಟನೆನ್ನೋಣ. ಅವನು ಯಾರಿಂದಲೂ ಹಣ ಪಡೆಯಲಿಲ್ಲ. ಖಾಲಿಯಿದ್ದ ನೆಲದಲ್ಲಿ ಅವರು ಕುಳಿತರು, ಆಟವೇನೂ ಕಡಿಮೆಯಾಗಲಿಲ್ಲ, ಹಾಡಿದವಳ ಕಂಠವೂ ಅವಳಲ್ಲಿಯೇ ಉಳಿಯಿತು. ಆದರೂ ಬೆಳಗಾದಾಗ ಕಂಪನಿಯ ಯಜಮಾನನು ಲೆಕ್ಕ ನೋಡಿ, ತಬಲದವನಿಗೆ ಏನು ಕೊಡಲಿ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡು ಕೂಡುತ್ತಾನೆ. ಪರದೆ ಎತ್ತಿದವನು ಯಾವ ವಸ್ತುವನ್ನು ಒಯ್ದನು? ಯಾವುದನ್ನೂ ಒಯ್ಯಲಿಲ್ಲ. ಆದರೆ ಆಟವಾಡಿದವರು ತಮ್ಮ ಪ್ರಯಾಸಕ್ಕೆ ತಾವೇ ಬೆಲೆಯಿಡುವ ಅಧಿಕಾರವನ್ನು ಅವರಿಂದ ತೆಗೆದುಬಿಟ್ಟನು. ಕಣದಲ್ಲಿ ಸುತ್ತುವ ಎತ್ತಿಗೂ ಕುಕ್ಕೆ ಕಟ್ಟಬಾರದೆಂಬ ಹಳೆಯ ನಿಯಮವನ್ನು ನಾವು ಬಲ್ಲೆವು. ಎತ್ತಿನ ಬಾಯಿಗೆ ದಯೆ ತೋರಿಸುವವರು ಹಾಡುವ ಬಾಯಿಯನ್ನು ಮರೆಯಬಹುದೋ?

ಬೆಳೆಹಬ್ಬದಲ್ಲಿ ನಾವು ಕಾಣಿಕೆ ತರುತ್ತೇವೆ. ಒಬ್ಬನು ಜೋಳ, ಒಬ್ಬಳು ಕುಂಬಳಕಾಯಿ, ಮತ್ತೊಬ್ಬಳು ಒಂದೇ ಒಂದು ಮೊಟ್ಟೆಯನ್ನು ತರುತ್ತಾಳೆ. ನೆರೆಯವನ ಬಳ್ಳಿಯಿಂದ ದೊಡ್ಡ ಕಾಯಿಯನ್ನು ಕೊಯ್ದು ತಂದು ವೇದಿಕೆಯ ಮುಂದೆ ಇಟ್ಟವನನ್ನು ಉದಾರಿಯೆಂದು ಯಾರಾದರೂ ಕರೆದಾರೇ? ಅವನು ತಾನು ತಿನ್ನಲಿಲ್ಲ, ಮಾರಲಿಲ್ಲ, ನಿಜ. ಆದರೆ ಕೊಡುಗೆ ಅಂದರೆ ತನ್ನದರಲ್ಲಿ ಸ್ವಲ್ಪವನ್ನು ಬಿಟ್ಟುಕೊಡುವುದು. ಪರರದ್ದನ್ನು ಎಷ್ಟು ಧಾರಾಳವಾಗಿ ಕೊಟ್ಟರೂ ಕೊಟ್ಟವನು ತಾನಲ್ಲ. ಆ ಯೌವನಸ್ಥನು ತನ್ನ ಕೂಲಿಯಿಂದ ತಂದ ಕಾರ್ಡು ಅವನ ಕೊಡುಗೆ. ಅದರೊಳಗಿನ ಹಾಡು ಬಡಗಿಯ ಕೊಡುಗೆ. ಮತ್ತು ಬಡಗಿಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಲಾಭವನ್ನು ಬಿಟ್ಟವನ ಕೈ ಲೋಭದಿಂದ ಶುದ್ಧವಾಗಿರುತ್ತದೆ. ಆದರೆ ಕೈ ಶುದ್ಧವಾದ ಮಾತ್ರಕ್ಕೆ ಕೈಯಲ್ಲಿರುವುದು ತನ್ನದಾಗುವುದಿಲ್ಲ. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ.

ಕೆಲವರು ಹೀಗನ್ನುತ್ತಾರೆ: ಬಡಗಿಯ ವಿಷಯ ಸರಿ, ಆದರೆ ಬಹುಪಾಲು ಹಾಡುಗಳು ದೊಡ್ಡ ಕಂಪನಿಗಳವು, ಹಾಡಿದವರಿಗೂ ಬರೆದವರಿಗೂ ಒಂದೇ ಸಾರಿ ಅಲ್ಪ ಹಣ ಕೊಟ್ಟು ಎಲ್ಲಾ ಹಕ್ಕನ್ನು ಬರೆಸಿಕೊಂಡವರಿಗೆ ನಾವು ಯಾಕೆ ಕೊಡಬೇಕು? ಈ ದೂರಿನಲ್ಲಿಯೂ ಹುರುಳಿತ್ತು. ಅದಕ್ಕಾಗಿಯೇ 2012ರಲ್ಲಿ ನಮ್ಮ ಶಾಸನವನ್ನು ತಿದ್ದಿದರು. ಆಗಿನಿಂದ ಸಿನೆಮಾ ಹಾಡಿನ ಸಾಹಿತ್ಯ ಬರೆದವನಿಗೂ ರಾಗ ಹಾಕಿದವನಿಗೂ, ಚಿತ್ರಮಂದಿರದಲ್ಲಿ ಸಿನೆಮಾ ತೋರಿಸುವುದನ್ನು ಬಿಟ್ಟು ಬೇರೆ ವಿಧವಾದ ಉಪಯೋಗಗಳಿಂದ ಬರುವ ರಾಯಧನದಲ್ಲಿ ಸಮಪಾಲು ಸಲ್ಲಬೇಕು. ಅವನು ಆ ಪಾಲನ್ನು ಕಂಪನಿಗೆ ಬರೆದುಕೊಡುತ್ತೇನೆಂದರೂ ಸಲ್ಲದು. ಹಾಡಿದವರ ಹೆಸರನ್ನು ಹೇಳಬೇಕೆಂಬ ಹಕ್ಕೂ ಅದೇ ತಿದ್ದುಪಡಿಯಿಂದ ಬಂತು. ಆದುದರಿಂದ ಕಂಪನಿಯ ಮೇಲಿನ ಸಿಟ್ಟಿನಿಂದ ನಾವು ಎಸೆಯುವ ಕಲ್ಲು ಕಂಪನಿಯ ಗೋಡೆಗೆ ತಾಕಿ ಬರೆದವನ ತಲೆಗೂ ಬೀಳುತ್ತದೆ. ಯಜಮಾನನು ಆಳಿಗೆ ಅನ್ಯಾಯ ಮಾಡಿದ್ದರೆ, ಯಜಮಾನನ ಹೊಲವನ್ನು ಮೇಯಿಸಿ ಆಳಿಗೆ ನ್ಯಾಯ ಕೊಡಿಸಲಾಗದು.

ಇಷ್ಟನ್ನು ಓದಿ ಯಾರಾದರೂ ಭಯಪಟ್ಟು, ಇನ್ನು ಹಾಡುವುದೇ ಬೇಡವೆಂದು ಬಾಯಿ ಮುಚ್ಚಿಕೊಂಡಾರೆಂದು ನಮಗೆ ಚಿಂತೆ. ಹಾಗೆ ಮಾಡಬೇಡಿರಿ. ಶಾಸನವು ಬಾಗಿಲುಗಳನ್ನು ಮುಚ್ಚಿದ ಹಾಗೆಯೇ ತೆರೆದೂ ಇದೆ. 52ನೆಯ ಕಲಮಿನಲ್ಲಿ ಅವುಗಳ ಪಟ್ಟಿಯಿದೆ. ನಿಜವಾದ ಧಾರ್ಮಿಕ ವಿಧಿಯಲ್ಲಿ ಯಾವ ಹಾಡನ್ನಾದರೂ ಹಾಡುವುದು, ಧ್ವನಿಮುದ್ರಣವನ್ನು ಕೇಳಿಸುವುದು ತಪ್ಪಲ್ಲ. ಮದುವೆಯ ಮೆರವಣಿಗೆಯೂ ಮದುವೆಗೆ ಸೇರಿದ ಸಂತೋಷಕೂಟಗಳೂ ಇದರಲ್ಲಿ ಸೇರಿವೆ. ಹವ್ಯಾಸಿ ಸಂಘದವರು ಹಣ ಕೊಡದ ಸಭಿಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಹಾಡಬಹುದು. ಸ್ವಂತ ಉಪಯೋಗಕ್ಕಾಗಿ ನ್ಯಾಯವಾದ ರೀತಿಯಲ್ಲಿ ಬಳಸುವುದಕ್ಕೂ ಅವಕಾಶವಿದೆ. ಹೀಗೆ ನಮ್ಮ ಮಕ್ಕಳು ಬಡಗಿಯ ಹಾಡನ್ನು ಆರಾಧನೆಯಲ್ಲಿ ಹಾಡಿದ್ದರಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಹಾಡುವುದು ಬೇರೆ, ಪ್ರತಿಮಾಡಿ ಹಂಚುವುದು ಬೇರೆ. ಹೊಸ ಹಾಡಿನ ಪುಸ್ತಕ ಒಂದನ್ನೇ ಕೊಂಡು ಐವತ್ತು ಜೆರಾಕ್ಸ್ ಮಾಡಿಸುವ ಸಭೆಗಳೂ ಈ ಭೇದವನ್ನು ಯೋಚಿಸಲಿ.

ಇದಲ್ಲದೆ ಕೃತಿಸ್ವಾಮ್ಯವು ಯುಗಯುಗಾಂತರಕ್ಕೂ ಇರುವಂಥದ್ದಲ್ಲ. ಬರೆದವನು ಸತ್ತ ಮರುವರ್ಷದಿಂದ 60 ವರ್ಷಗಳಾದ ಮೇಲೆ ಅವನ ಕೃತಿ ಸರ್ವರ ಸೊತ್ತು. 1950ರಲ್ಲಿ ತೀರಿಹೋದವನ ಪದಗಳು 2010ರ ಕೊನೆಗೆ ಬಿಡುಗಡೆಯಾದವು. ನಿಘಂಟಿನ ಕಿಟ್ಟೆಲ್ ಸಾಹೇಬರು 1903ರಲ್ಲಿ ತೀರಿಹೋದರು. 1862ರಲ್ಲಿ ಪ್ರಕಟವಾದ ಅವರ ಕಥಾಮಾಲೆಯನ್ನು ಈ ಹೊತ್ತು ಯಾರು ಬೇಕಾದರೂ ಪ್ರತಿಮಾಡಿ, ರಾಗ ಹಾಕಿ, ಹಂಚಬಹುದು. ಧ್ವನಿಮುದ್ರಣಕ್ಕಾದರೋ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಹೊರಟ ತಟ್ಟೆಯ ಅವಧಿ 2020ರ ಕೊನೆಗೆ ಮುಗಿಯಿತು. ಆದರೆ ಒಂದು ಎಚ್ಚರಿಕೆ: ಪದ ನೂರು ವರ್ಷ ಹಳೆಯದಾದರೂ, ಹೋದ ವರ್ಷ ಯಾರೋ ಅದನ್ನು ಹಾಡಿ ಮುದ್ರಿಸಿದ್ದರೆ ಆ ಮುದ್ರಣದ ಹಕ್ಕು ಹೊಸದೇ. ಹಳೆಯ ಪದವನ್ನು ನೀವೇ ಹಾಡಿ ಹಂಚಿರಿ. ಅವರ ಮುದ್ರಣವನ್ನು ಕೇಳದೆ ಹಂಚಬೇಡಿರಿ.

ಇಲ್ಲಿ ಒಂದು ಕಷ್ಟವಾದ ಪ್ರಶ್ನೆಯಿದೆ. ಮೂವತ್ತು ವರ್ಷದ ಹಿಂದಿನ ಕ್ಯಾಸೆಟ್ಟು, ಅಂಗಡಿಯಲ್ಲಿ ಸಿಗುವುದಿಲ್ಲ, ಹೊರಡಿಸಿದವರ ಸುಳಿವಿಲ್ಲ, ನಮ್ಮಲ್ಲಿರುವ ಟೇಪು ಸವೆದು ಹೋಗುತ್ತಿದೆ. ಅದನ್ನು ಪ್ರತಿಮಾಡಿ ಹಂಚಬಹುದೋ? ಕಾನೂನು ಇಲ್ಲಿಯೂ ಸುಲಭವಾಗಿ ಹೌದೆನ್ನುವುದಿಲ್ಲ. ಇಲ್ಲಿ ನಷ್ಟ ಹೊಂದುವವನು ಕಾಣುವುದಿಲ್ಲವಾದ್ದರಿಂದ ಮನಸ್ಸಾಕ್ಷಿಯು ಅಷ್ಟಾಗಿ ಚುಚ್ಚದಿರಬಹುದು. ನಮಗೆ ತೋಚುವುದೇನಂದರೆ, ಸ್ವಂತಕ್ಕಾಗಿ ಜೋಪಾನವಾಗಿ ಇಟ್ಟುಕೊಳ್ಳಿರಿ. ಹಾಡಿದವರನ್ನೋ ಅವರ ಮಕ್ಕಳನ್ನೋ ವಿಚಾರಿಸಿ ಹುಡುಕಿರಿ. ಆ ಹಾಡನ್ನು ಕಲಿತು ಆರಾಧನೆಯಲ್ಲಿ ಹಾಡಿರಿ. ಕಾನೂನು ಕಠಿನವಾಗಿ ಕಂಡಲ್ಲಿ ಅದು ಇಲ್ಲವೇ ಇಲ್ಲವೆಂದು ನಟಿಸುವುದಕ್ಕಿಂತ, ಅದು ತೆರೆದಿಟ್ಟ ಬಾಗಿಲಿನಿಂದ ಹೋಗುವುದು ಲೇಸು.

ಹೊಸ ಹಾಡುಗಳ ವಿಷಯದಲ್ಲಾದರೆ ದಾರಿ ಸುಲಭವಾಗಿದೆ. ಹಾಡು ಕಟ್ಟಿದವರು ತಾವೇ ಅದನ್ನು ಯೂಟ್ಯೂಬಿನಲ್ಲಿ ಹಾಕಿದ್ದರೆ, ಹಾಡನ್ನು ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವ ಬದಲು ಅದರ ವಿಳಾಸವನ್ನು ಕಳುಹಿಸಿರಿ. ಆಗ ಕೇಳುವವನು ಅವರ ಬಾಗಿಲಿಗೇ ಹೋಗಿ ಕೇಳುತ್ತಾನೆ. ಕೆಲವರು ಯಾರು ಬೇಕಾದರೂ ಹಂಚಬಹುದೆಂದು ಮೊದಲೇ ಬರೆದಿರುತ್ತಾರೆ. ಅಂಥವನ್ನು ಸಂತೋಷದಿಂದ ಹಂಚಿರಿ. ಹಾಗೆ ಬರೆದಿಲ್ಲದಿದ್ದರೆ ಕೇಳಿರಿ. ಕೇಳುವುದಕ್ಕೆ ಖರ್ಚಿಲ್ಲ. ಮತ್ತು ಹಂಚುವಾಗಲೂ ಹಾಡುವಾಗಲೂ ಕಟ್ಟಿದವರ ಹೆಸರನ್ನು ಹೇಳಿರಿ. ಹಕ್ಕನ್ನು ಮಾರಿದ ಮೇಲೆಯೂ ಹೆಸರಿನ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆಂದು 57ನೆಯ ಕಲಮು ಹೇಳುತ್ತದೆ.

ನಮ್ಮ ಸಭೆಯಲ್ಲಿ ಮುಂದೇನಾಯಿತೆಂದು ನೀವು ಕೇಳುವಿರಿ. ಮುಂದಿನ ಭಾನುವಾರ ನಾವು ಸಭೆಯ ಮುಂದೆ ನಮ್ಮ ತಪ್ಪನ್ನು ಹೇಳಿಕೊಂಡು ನಮ್ಮ 200 ರೂಪಾಯಿಗಳನ್ನು ಮೇಜಿನ ಮೇಲೆ ಇಟ್ಟೆವು. ಆ ಯೌವನಸ್ಥನು ತಾನು ಹಾಡು ಹಾಕಿಕೊಟ್ಟ ಮನೆಗಳಿಗೆಲ್ಲಾ ತಿರಿಗಿ ಹೋದನು. ಕೆಲವರು ಕೊಟ್ಟರು, ಕೆಲವರು ಹಾಡನ್ನು ಅಳಿಸಿದರು, ಕೆಲವರು ನಕ್ಕರು. ಸಾಲ ಪೂರ್ತಿ ತೀರುವಷ್ಟು ಕೂಡಲಿಲ್ಲ. ಕೂಡಿದ್ದನ್ನು ತೆಗೆದುಕೊಂಡು ಅವನು ತಾನೇ ಬಡಗಿಯ ಊರಿಗೆ ಹೋಗಿ, ಕೊಡಲಾರದ ವಿಧವೆಯರು ಹಾಡನ್ನು ಅಳಿಸಬೇಕೋ ಎಂದು ಕೇಳಿದನು. ಬಡಗಿಯು, "ಬೇಡ ತಮ್ಮಾ, ಅದು ಅವರಿಗೆ ನಾನು ಕೊಟ್ಟದ್ದೆಂದು ಹೇಳು. ಇನ್ನು ಮುಂದೆ ಅಂಥವರು ಯಾರಿದ್ದರೂ ನನ್ನ ಹೆಸರಿನಲ್ಲಿ ನೀನೇ ಹಾಕಿಕೊಡು" ಎಂದನಂತೆ.

ಅದೇ ಕಾರ್ಡು, ಅದೇ ಹಾಡು, ಅದೇ ವಿಧವೆಯ ಮನೆ. ಮೊದಲು ಅದು ಪರರ ಹೊಲದ ಕಾಯಾಗಿತ್ತು, ಈಗ ಕೊಡುಗೆಯಾಯಿತು. ನಡುವೆ ಆದದ್ದು ಒಂದೇ: ಒಬ್ಬನು ಹೋಗಿ ಕೇಳಿದನು, ಒಡೆಯನು ಒಪ್ಪಿದನು. ಪ್ರಿಯರೇ, ಮುಂದಿನ ಸಾರಿ ನಮ್ಮ ಬೆರಳು ಹಾಡೊಂದನ್ನು ಹತ್ತು ಮಂದಿಗೆ ಕಳುಹಿಸಲು ಹೋದಾಗ, ನಾನು ಹಣ ತೆಗೆದುಕೊಳ್ಳುತ್ತೇನೋ ಎಂದು ಕೇಳಿಕೊಂಡರೆ ಸಾಲದು. ಕೊಡುವುದಕ್ಕೆ ಇದು ನನ್ನದೋ, ಅಲ್ಲವಾದರೆ ಒಡೆಯನನ್ನು ಕೇಳಿದೆನೋ ಎಂದೂ ಕೇಳಿಕೊಳ್ಳೋಣ.